ರೈಜೆನ್ 5 5600ಕ್ಕೆ ಸದ್ದು ಮಾಡದ ಕೂಲರ್ ಯಾವುದು?

ಪ್ರಶ್ನೆ: ಎಎಂಡಿಯ ಈ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿನ ಮದರ್‌ಬೋರ್ಡು, ಪ್ರೊಸೆಸರ್ ಜೊತೆ ಬಂದ ರೈತ್ ಸ್ಟೆಲ್ತ್ ಕೂಲರ್. ಬ್ರೌಸರ್ ತೆರೆದರೂ ಫ್ಯಾನು ಭರ್ರೆಂದು ಏರಿ ಇಳಿಯುತ್ತದೆ. ಕ್ಯಾಬಿನೆಟ್ಟಿನಲ್ಲಿ 160 ಮಿಮೀ ಎತ್ತರದ ಕೂಲರ್ ಹಿಡಿಸುತ್ತದೆ. ಏನು ಹಾಕಲಿ?

ಉತ್ತರ 1: 65 ವ್ಯಾಟ್ ಚಿಪ್ಪಿಗೆ ನೀರಿನ ಕೂಲರ್ ಬೇಡವೇ ಬೇಡ, ಪಂಪಿನ ಗುಂಯ್ ಸದ್ದು ಬೇರೆ ಸೇರುತ್ತದೆ. 120 ಮಿಮೀ ಫ್ಯಾನಿನ ಒಂಟಿ ಟವರ್ (ಲೋಹದ ರೆಕ್ಕೆಗಳ ಒಂದೇ ಗೋಪುರವಿರುವ ಗಾಳಿ ಕೂಲರ್) ಸಾಕು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳುತ್ತದೆ. ನಾಕ್ಚುವಾ ಎನ್‌ಎಚ್-ಯು12ಎಸ್ 158 ಮಿಮೀ, ಬಿ ಕ್ವೈಟ್‌ನ ಪ್ಯೂರ್ ರಾಕ್ 2 ಆದರೆ 155. ಎರಡೂ ಕೂರುತ್ತವೆ.

ಉತ್ತರ 2: ಮೊದಲು ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ನೋಡಿ, ದುಡ್ಡು ಉಳಿದರೂ ಉಳಿದೀತು. ರೈಜೆನ್ ಉಷ್ಣತೆ ಕ್ಷಣಾರ್ಧದಲ್ಲಿ ಜಿಗಿಯುತ್ತದೆ, ಫ್ಯಾನು ಅದರ ಬೆನ್ನು ಹತ್ತುತ್ತದೆ. 60 ಡಿಗ್ರಿವರೆಗೆ ಫ್ಯಾನಿಗೆ ಒಂದೇ ವೇಗ ಇಡಿ. ವೇಗ ಏರಲು ಮೂರ್ನಾಲ್ಕು ಸೆಕೆಂಡು ತಡ ಕೊಡುವ ಆಯ್ಕೆ ಇದ್ದರೆ ಅದನ್ನೂ ಹಾಕಿ.

ಉತ್ತರ 3: ಬದಲಿಸುವುದೇ ಆದರೆ ಹಳೆಯದನ್ನು ಬಿಚ್ಚುವಾಗ ದಯವಿಟ್ಟು ಹುಷಾರು. ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ (ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಲೇಪ) ಮೆತ್ತಗಾಗಲು ಬಿಡಿ. ಆಫ್ ಮಾಡಿ ನಾಲ್ಕೂ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ, ಆಮೇಲೆ ಎತ್ತಿ. ನೇರ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗಬಹುದು. ಬೋರ್ಡಿನ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಕೈ ಕೊಟ್ಟು ಹಿಡಿಯಿರಿ. ಎಷ್ಟೋ ಹೊಸ ಕೂಲರುಗಳಿಗೂ ಅದೇ ತಟ್ಟೆ ಬೇಕು, ಎಸೆಯಬೇಡಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಫ್ಯಾನಿನ ಗಾಳಿ ಕ್ಯಾಬಿನೆಟ್ಟಿನ ಹಿಂಬದಿಗೆ ಹೋಗುವಂತಿರಲಿ.