ಐದು ಸರ್ವರ್ ಒಂದಕ್ಕೆ ಇಳಿಸಿದ ಮೇಲೆ ದಿನಾ ಬೆಳಿಗ್ಗೆ 9ರಿಂದ ಆಫೀಸ್ ಪೂರ್ತಿ ನಿಧಾನ – ಪರಿಹಾರ ಸಿಕ್ಕಿತು

ಗೇರುಬೀಜ_ಐಟಿ (ಜುಲೈ 8, ರಾತ್ರಿ 9.40)

ನಮಸ್ಕಾರ. ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಐಟಿ ನೋಡಿಕೊಳ್ಳುವವನು ನಾನು. ಐಟಿ ಅಂದರೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಸಿಸಿ ಕ್ಯಾಮೆರಾ ಕೆಟ್ಟರೂ ನಾನೇ.

ನಮ್ಮಲ್ಲಿ ಐದು ಹಳೆಯ ಸರ್ವರ್ ಇದ್ದವು. ಲಾಗಿನ್ ಮತ್ತು ಫೈಲ್ ಒಂದು, ಅಕೌಂಟ್ಸ್ ಒಂದು, ಸ್ಟಾಕ್‌ನ ಎಸ್‌ಕ್ಯುಎಲ್ (ಡೇಟಾಬೇಸ್) ಒಂದು, ಹಾಜರಿ ಮಿಷಿನ್‌ದು ಒಂದು, ಮತ್ತೊಂದು ವಿಂಡೋಸ್ ಸರ್ವರ್ 2008 ಆರ್2 ಮೇಲೆ ಓಡುವ ಓಬೀರಾಯನ ಕಾಲದ ಪ್ರೋಗ್ರಾಂ. ಐದೂ ಸೇರಿ 900 ವ್ಯಾಟ್ ಎಳೆಯುತ್ತಿದ್ದವು, ಅದರ ಬಿಸಿಗೆ ಎಸಿ ಬೇರೆ ಹಗಲೂ ರಾತ್ರಿ ಓಡಬೇಕು. ಮೇ ತಿಂಗಳಲ್ಲಿ ಒಂದು ರಿಫರ್ಬಿಶ್ಡ್ ಸರ್ವರ್ ತಗೊಂಡು (ಎರಡು ಪ್ರೊಸೆಸರ್, 32 ಕೋರ್, 128 ಜಿಬಿ ರ‍್ಯಾಮ್, ಮಾಮೂಲಿ ಅಂಗಡಿ ಎಸ್‌ಎಸ್‌ಡಿ ಎರಡು, ಎರಡರಲ್ಲೂ ಒಂದೇ ಡೇಟಾ ಇಡುವ ಝಡ್‌ಎಫ್‌ಎಸ್ ಮಿರರ್) ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸುವ ಸಾಫ್ಟ್‌ವೇರ್) ಹಾಕಿ, ಹಳೆಯ ಡಿಸ್ಕ್‌ಗಳನ್ನು ಡಿಸ್ಕ್2ವಿಎಚ್‌ಡಿ ಟೂಲ್‌ನಲ್ಲಿ ಇಮೇಜ್ (ಪೂರ್ತಿ ನಕಲು) ಮಾಡಿ ಐದನ್ನೂ ವಿಎಂ (ಸಾಫ್ಟ್‌ವೇರ್‌ನಲ್ಲೇ ಓಡುವ ವರ್ಚುವಲ್ ಸರ್ವರ್) ಮಾಡಿದೆ. ಈಗ 260 ವ್ಯಾಟ್. ಧಣಿಗಳು ಬಹಳ ಖುಷಿ.

ಮೊದಲ ಒಂದು ತಿಂಗಳು ಬೆಣ್ಣೆ ಹಾಗೆ ಓಡಿತು. ಜೂನ್ ಎರಡನೇ ವಾರದಿಂದ ದಿನಾ ಬೆಳಿಗ್ಗೆ ಗೋಳು. 9ಕ್ಕೆ ಲಾಗಿನ್ ನಿಧಾನ, ಸ್ವಲ್ಪ ಹೊತ್ತಿಗೆ ಅಕೌಂಟ್ಸ್‌ನಲ್ಲಿ ಒಂದು ವೋಚರ್ ಸೇವ್ ಆಗಲು ಅರ್ಧ ನಿಮಿಷ, 10.30ರ ಹೊತ್ತಿಗೆ ಸ್ಟಾಕ್ ಪ್ರೋಗ್ರಾಂ ನಿಂತೇ ಹೋಗುತ್ತದೆ. 11.30 ದಾಟಿದರೆ ತನ್ನಷ್ಟಕ್ಕೆ ಸರಿಯಾಗುತ್ತದೆ. ಸಂಜೆ ಡಿಸ್ಪ್ಯಾಚ್ ಬಿಲ್ ಹೊತ್ತಿಗೆ ಮತ್ತೆ ಸ್ವಲ್ಪ ಎಳೆಯುತ್ತದೆ, ಆದರೆ ಬೆಳಿಗ್ಗೆಯಷ್ಟಲ್ಲ. ನಾನು ಏನೂ ಬದಲಾಯಿಸಿಲ್ಲ. ಅಕೌಂಟ್ಸ್ ವಿಎಂಗೆ 4 ಇದ್ದ ಕೋರ್ 8 ಮಾಡಿ ನೋಡಿದೆ, ಪ್ರಯೋಜನ ಇಲ್ಲ.

ಇನ್ನೊಂದು ಚಿಕ್ಕ ವಿಷಯ, ಇದಕ್ಕೆ ಸಂಬಂಧ ಇಲ್ಲ ಅಂದುಕೊಂಡಿದ್ದೇನೆ. ಕರೆಂಟ್ ಹೋಗಿ ಬಂದ ಮೇಲೆ ವಿಎಂಗಳ ಗಡಿಯಾರ ಹಿಂದೆ ಇರುತ್ತದೆ, ಕೆಲವು ನಿಮಿಷ ಯಾರಿಗೂ ಲಾಗಿನ್ ಆಗುವುದಿಲ್ಲ, ಆಮೇಲೆ ಸರಿಹೋಗುತ್ತದೆ.

ಸುರತ್ಕಲ್_ಹುಡುಗ (ಜುಲೈ 8, ರಾತ್ರಿ 10.15)

ಅಣ್ಣ, ಅಂಗಡಿ ಎಸ್‌ಎಸ್‌ಡಿ ಮೇಲೆ ಝಡ್‌ಎಫ್‌ಎಸ್ ಅಂದಾಗಲೇ ಗೊತ್ತಾಯ್ತು. ಸಿಂಕ್ ಡಿಸೇಬಲ್ ಮಾಡಿ ಬಿಡಿ, ರಾಕೆಟ್ ಹಾಗೆ ಓಡುತ್ತದೆ. ನಾನು ಮನೆಯಲ್ಲಿ ಹಾಗೇ ಇಟ್ಟಿದ್ದೇನೆ.

ಮಲ್ಪೆ_ಬೋಟು (ಜುಲೈ 8, ರಾತ್ರಿ 10.50)

ಮಾರಾಯ್ರೆ, ದಯವಿಟ್ಟು ಅದನ್ನು ಮಾಡಬೇಡಿ. ಸಿಂಕ್ ಡಿಸೇಬಲ್ ಮಾಡಿದರೆ ಡಿಸ್ಕ್‌ಗೆ ಬರೆಯುವ ಮೊದಲೇ "ಬರೆದಾಯ್ತು" ಅಂತ ವಿಂಡೋಸ್‌ಗೆ ಸುಳ್ಳು ಹೇಳಿದ ಹಾಗೆ. ಝಡ್‌ಎಫ್‌ಎಸ್ ಸುಮಾರು 5 ಸೆಕೆಂಡಿಗೊಮ್ಮೆ ಒಟ್ಟಿಗೆ ಬರೆಯುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಆ ಕೊನೆಯ ಸೆಕೆಂಡುಗಳ ಎಂಟ್ರಿ ಗೋತಾ. ಝಡ್‌ಎಫ್‌ಎಸ್ ಹಾಳಾಗುವುದಿಲ್ಲ, ಆದರೆ ಒಳಗಿನ ಎಸ್‌ಕ್ಯುಎಲ್‌ಗೆ ಅದು ಗೊತ್ತಾಗುವುದಿಲ್ಲ ಅಲ್ವಾ. ಮನೆಯ ಸಿನಿಮಾ ಸರ್ವರ್‌ಗೆ ಓಕೆ. ಆಟಿ ಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಕಂಪನಿ ಲೆಕ್ಕಕ್ಕೆ ಬೇಡವೇ ಬೇಡ.

ಗೇರುಬೀಜ ಅವರೇ, ನಾಳೆ 9.20ಕ್ಕೆ ಪ್ರಾಕ್ಸ್‌ಮಾಕ್ಸ್‌ನಲ್ಲಿ ನೋಡ್‌ನ (ಆ ಸರ್ವರ್‌ನ) ಸಮ್ಮರಿ ಪುಟದಲ್ಲಿ ಸಿಪಿಯು ಎಷ್ಟು, ಐಒ ಡಿಲೇ (ಡಿಸ್ಕ್‌ಗಾಗಿ ಕಾಯುವ ಹೊತ್ತು) ಎಷ್ಟು ಅಂತ ಬರೆದುಕೊಂಡು ಹಾಕಿ. ರ‍್ಯಾಮ್ ಕೂಡ. ವಿಎಂ ಡಿಸ್ಕ್‌ಗಳು ಐಡಿಇ (ಹಳೆಯ, ನಿಧಾನದ ಡಿಸ್ಕ್ ಜೋಡಣೆ) ಮೇಲೆ ಇದ್ದಾವೋ ವರ್ಟ್‌ಐಒ (ವಿಎಂಗೆಂದೇ ಮಾಡಿದ ವೇಗದ್ದು) ಮೇಲೋ, ಅದನ್ನೂ ಹೇಳಿ. ಪ್ರಾಕ್ಸ್‌ಮಾಕ್ಸ್ ಯಾವ ಆವೃತ್ತಿ?

ಗೇರುಬೀಜ_ಐಟಿ (ಜುಲೈ 9, ಬೆಳಿಗ್ಗೆ 9.34)

ಸಿಪಿಯು 11%. ಐಒ ಡಿಲೇ 38%. ರ‍್ಯಾಮ್ 94%, ಆದರೆ ವಿಎಂಗಳಿಗೆ ಒಟ್ಟು ಕೊಟ್ಟಿರುವುದು ಬರೀ 72 ಜಿಬಿ, ಇದು ಎಂತದು ಅರ್ಥ ಆಗಲಿಲ್ಲ. ಎಲ್ಲಾ ಡಿಸ್ಕ್ ಐಡಿಇ. ಹಳೆಯ ಪೆನ್‌ಡ್ರೈವ್‌ನಲ್ಲಿದ್ದ 7.4 ಇನ್‌ಸ್ಟಾಲ್ ಮಾಡಿ 8.4ಕ್ಕೆ ಅಪ್‌ಗ್ರೇಡ್ ಮಾಡಿದ್ದು. ಅಕೌಂಟ್ಸ್ ಮೇಡಂ ನನ್ನ ಟೇಬಲ್ ಹತ್ತಿರವೇ ನಿಂತಿದ್ದಾರೆ, ಬೇಗ ಹೇಳಿ.

ಮಲ್ಪೆ_ಬೋಟು (ಜುಲೈ 9, ಬೆಳಿಗ್ಗೆ 10.05)

ಸಿಪಿಯು 11 ಅಂದರೆ ಕೋರ್ ಜಾಸ್ತಿ ಮಾಡಿ ಸುಮ್ನೆ. ಎಲ್ಲರೂ ಡಿಸ್ಕ್ ಬಾಗಿಲಲ್ಲಿ ಕ್ಯೂ ನಿಂತಿದ್ದಾರೆ. ಮೊದಲು ಐದು ಸರ್ವರ್‌ಗೆ ಐದು ಡಿಸ್ಕ್ ಸೆಟ್ ಇತ್ತು, ಒಬ್ಬರದು ಇನ್ನೊಬ್ಬರಿಗೆ ತಾಗುತ್ತಿರಲಿಲ್ಲ. ಈಗ ಐದು ದೋಣಿ ಮಾರಿ ಒಂದೇ ಬೋಟು ತಗೊಂಡಿದ್ದೀರಿ, ಎಂಜಿನ್ ಮಾತ್ರ ದೋಣಿಯದ್ದೇ. ಐದನ್ನು ಒಂದು ಮಾಡುವವರು ಕೋರ್ ಲೆಕ್ಕ ಹಾಕುತ್ತಾರೆ, ರ‍್ಯಾಮ್ ಲೆಕ್ಕ ಹಾಕುತ್ತಾರೆ, ಡಿಸ್ಕ್‌ದು ಬರೀ ಜಿಬಿ ನೋಡುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಬರೆಯಬೇಕು ಅಂತ ಯಾರೂ ನೋಡುವುದಿಲ್ಲ.

ರ‍್ಯಾಮ್ ಗುಟ್ಟು ಸುಲಭ. ಝಡ್‌ಎಫ್‌ಎಸ್ ತನ್ನ ಕ್ಯಾಶ್‌ಗೆ (ಬೇಗ ಸಿಗಲೆಂದು ಇಟ್ಟುಕೊಳ್ಳುವ ನಕಲು) ಹೋಸ್ಟ್‌ನ, ಅಂದರೆ ವಿಎಂಗಳು ಓಡುವ ಸರ್ವರ್‌ನ, ರ‍್ಯಾಮ್‌ನ ಅರ್ಧದವರೆಗೆ ಹಿಡಿಯುತ್ತದೆ. 8.1ರಿಂದ ಈಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ 10% ಅಥವಾ 16 ಜಿಬಿಗೆ ಮಿತಿ ಬರುತ್ತದೆ, ನಿಮ್ಮದು 7.4ರಿಂದ ಬಂದದ್ದರಿಂದ ಹಳೆಯ ಲೆಕ್ಕವೇ ಉಂಟು. ಅದನ್ನು 16ಕ್ಕೆ ಕಟ್ಟಿಹಾಕಿ. ಐಡಿಇಯನ್ನು ವರ್ಟ್‌ಐಒ ಮಾಡಬೇಕು. ಒಳ್ಳೆಯ ಎಸ್‌ಎಸ್‌ಡಿಯೂ ಬೇಕು.

ಆದರೆ ಬೆಳಿಗ್ಗೆ 9ರಿಂದ 11.30 ಮಾತ್ರ ಯಾಕೆ ಅನ್ನುವುದಕ್ಕೆ ಇದರಲ್ಲಿ ಉತ್ತರ ಇಲ್ಲ.

ಅಜ್ಜರಕಾಡು (ಜುಲೈ 9, ಮಧ್ಯಾಹ್ನ 1.20)

ಊಟ ಮಾಡುತ್ತಾ ಓದಿದೆ. ಗಡಿಯಾರ ಹಿಂದೆ ಅಂದಿರಲ್ಲ, ಎಷ್ಟು ಹಿಂದೆ? ಐದೂವರೆ ಗಂಟೆಯಾ?

ಹಾಗಾದರೆ ನಿಮ್ಮ ಹೋಸ್ಟ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಉಂಟು. ವಿಂಡೋಸ್ ವಿಎಂಗೆ ಪ್ರಾಕ್ಸ್‌ಮಾಕ್ಸ್ ತನ್ನ ಲೋಕಲ್ ಟೈಮ್ ಕೊಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂತ ನಂಬುತ್ತದೆ, ಆಮೇಲೆ ಇಂಟರ್‌ನೆಟ್‌ನಿಂದ ಸರಿ ಮಾಡಿಕೊಳ್ಳುತ್ತದೆ. ಅಷ್ಟರವರೆಗೆ ಲಾಗಿನ್ ಆಗದಿರುವುದೂ ಇದಕ್ಕೇ. ಡೊಮೇನ್ (ಲಾಗಿನ್) ಸರ್ವರ್ ಮತ್ತು ಪಿಸಿ ನಡುವೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೆರ್ಬರೋಸ್ (ಲಾಗಿನ್ ಪರೀಕ್ಷಿಸುವ ವ್ಯವಸ್ಥೆ) ಒಪ್ಪುವುದಿಲ್ಲ.

ಈಗ ನಿಜ ಹೇಳಿ. ಜೂನ್‌ನಲ್ಲಿ ಬ್ಯಾಕಪ್ ಇಟ್ಟಿದ್ದೀರಾ? ರಾತ್ರಿ ಮೂರೂವರೆಗೆ?

ಗೇರುಬೀಜ_ಐಟಿ (ಜುಲೈ 9, ಮಧ್ಯಾಹ್ನ 1.41)

ಅಯ್ಯೋ ದೇವರೇ. ಹೌದು. ಜೂನ್‌ನಲ್ಲಿ ಒಂದು ಚಿಕ್ಕ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ತಗೊಂಡು ದಿನಾ 3.30ಕ್ಕೆ ಐದೂ ವಿಎಂ ಬ್ಯಾಕಪ್ ಇಟ್ಟಿದ್ದೆ, ರಾತ್ರಿ ಯಾರೂ ಇರುವುದಿಲ್ಲ ಅಂತ. ದಿನಾ ಬೆಳಿಗ್ಗೆ ಹಸಿರು ಟಿಕ್ ನೋಡಿ ಸಮಾಧಾನ ಪಡುತ್ತಿದ್ದೆ, ಟೈಮ್ ನೋಡಲೇ ಇಲ್ಲ. "ಏನೂ ಬದಲಾಯಿಸಿಲ್ಲ" ಅಂದದ್ದು ವಾಪಸ್.

ಅಜ್ಜರಕಾಡು (ಜುಲೈ 9, ಮಧ್ಯಾಹ್ನ 1.55)

ಯುಟಿಸಿ 3.30 ಅಂದರೆ ನಮಗೆ ಸರಿಯಾಗಿ ಬೆಳಿಗ್ಗೆ 9. ಟಾಸ್ಕ್ ಪಟ್ಟಿ ನೋಡಿ, ಅದು ಬ್ರೌಸರ್‌ನ ಟೈಮ್ ತೋರಿಸುತ್ತದೆ, ಅಲ್ಲಿ 9 ಅಂತಲೇ ಇರುತ್ತದೆ. ಮೊದಲು ಲಾಗಿನ್, ಆಮೇಲೆ ಅಕೌಂಟ್ಸ್, ಆಮೇಲೆ ಸ್ಟಾಕ್ ಅಂತ ಸಾಲಾಗಿ ಕೂರುತ್ತಿದ್ದದ್ದು ಯಾಕೆ ಅಂದರೆ ಬ್ಯಾಕಪ್ 101, 102, 103 ಅಂತ ವಿಎಂಗಳ ನಂಬರ್ ಪ್ರಕಾರ ಹೋಗುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಉಂಟು. ಬ್ಯಾಕಪ್ ನಡೆಯುವಾಗ ವಿಎಂ ಒಂದು ಹೊಸ ಬ್ಲಾಕ್ (ಡಿಸ್ಕ್‌ನ ಒಂದು ತುಂಡು ಡೇಟಾ) ಬರೆಯಲು ಹೊರಟರೆ, ಆ ಜಾಗದಲ್ಲಿದ್ದ ಹಳೆಯ ಬ್ಲಾಕ್ ಮೊದಲು ನ್ಯಾಸ್‌ಗೆ ಹೋಗಬೇಕು, ಆಮೇಲೆ ಹೊಸದು. ಅಂದರೆ ಆ ಹೊತ್ತಿಗೆ ನಿಮ್ಮ ಮೇಡಂನ ವೋಚರ್ ನ್ಯಾಸ್‌ನ ಹಾರ್ಡ್ ಡಿಸ್ಕ್ ವೇಗದಲ್ಲಿ ಸೇವ್ ಆಗುತ್ತಿತ್ತು. 8.2ರಿಂದ ಬ್ಯಾಕಪ್ ಜಾಬ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಫ್ಲೀಸಿಂಗ್ ಅಂತ ಬಂದಿದೆ, ಹಳೆಯ ಬ್ಲಾಕನ್ನು ಲೋಕಲ್ ಡಿಸ್ಕ್‌ನಲ್ಲೇ ಒಂದು ಕಡೆ ಇಟ್ಟು ವಿಎಂಗೆ ದಾರಿ ಬಿಡುತ್ತದೆ. ಅದನ್ನು ಆನ್ ಮಾಡಿ.

ಟೈಮ್ ಝೋನ್ ಇರುವುದು ನೋಡ್, ಸಿಸ್ಟಂ, ಟೈಮ್ ಮೆನುವಿನಲ್ಲಿ. ಏಷ್ಯಾ/ಕೋಲ್ಕತಾ ಆರಿಸಿ. ಆಮೇಲೆ ಎಲ್ಲಾ ವಿಎಂ ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ ಸ್ಟಾರ್ಟ್ ಮಾಡಿ, ಒಳಗಿನಿಂದ ರೀಸ್ಟಾರ್ಟ್ ಸಾಲದು.

ಗೇರುಬೀಜ_ಐಟಿ (ಜುಲೈ 13, ರಾತ್ರಿ 12.10)

ಶುಕ್ರವಾರದಿಂದ ಬೆಳಿಗ್ಗೆ ಆರಾಮ. ಮೇಡಂ ಒಂದು ಡಬ್ಬ ಮಸಾಲೆ ಗೇರುಬೀಜ ಕೊಟ್ಟರು (ಗೇರುಬೀಜ ಫ್ಯಾಕ್ಟರಿಯಲ್ಲಿ!).

ಆದರೆ ಈಗ ತಲೆಬಿಸಿ ಬೇರೆ. ಶನಿವಾರ ಸಂಜೆ ಐಡಿಇ ತೆಗೆದು ಐದೂ ವಿಎಂ ವರ್ಟ್‌ಐಒ ಸ್ಕಸಿ (ವರ್ಟ್‌ಐಒದ ಒಂದು ಬಗೆ) ಮಾಡಿದೆ. ಐದೂ ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಈಗ ವಾಪಸ್ ಐಡಿಇಗೆ ಹಾಕಿದೆ, ಜೀವ ಬಂತು.

ಮಲ್ಪೆ_ಬೋಟು (ಜುಲೈ 13, ಬೆಳಿಗ್ಗೆ 7.30)

ಐದನ್ನೂ ಒಟ್ಟಿಗೆ! ಧೈರ್ಯ ಮಾರಾಯ್ರೆ ನಿಮ್ಮದು.

ವಿಂಡೋಸ್‌ನಲ್ಲಿ ವರ್ಟ್‌ಐಒ ಡ್ರೈವರ್ ಇರುವುದಿಲ್ಲ. ಬೂಟ್ ಡಿಸ್ಕ್ ಐಡಿಇಯಲ್ಲೇ ಬಿಟ್ಟು, ವಿಎಂಗೆ 1 ಜಿಬಿಯ ಒಂದು ಡಮ್ಮಿ ಡಿಸ್ಕ್ ಸ್ಕಸಿ ಮೇಲೆ ಸೇರಿಸಿ, ಕಂಟ್ರೋಲರ್ ವರ್ಟ್‌ಐಒ ಸ್ಕಸಿ ಸಿಂಗಲ್. ವಿಂಡೋಸ್ ಏಳಲಿ. ವರ್ಟ್‌ಐಒ ಐಎಸ್‌ಒ (ಡ್ರೈವರ್‌ಗಳಿರುವ ಸಿಡಿ ಫೈಲ್) ಹಾಕಿ ಡ್ರೈವರ್ ಕೊಡಿ, ಡಮ್ಮಿ ಡಿಸ್ಕ್ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣಬೇಕು. ಆಮೇಲೆ ಶಟ್‌ಡೌನ್, ಬೂಟ್ ಡಿಸ್ಕ್ ಡಿಟ್ಯಾಚ್, ಅದನ್ನೇ ಸ್ಕಸಿಯಾಗಿ ಸೇರಿಸಿ, ಬೂಟ್ ಆರ್ಡರ್‌ನಲ್ಲಿ ಟಿಕ್ ಹಾಕಲು ಮರೆಯಬೇಡಿ, ಎಲ್ಲರೂ ಅಲ್ಲೇ ಎಡವುವುದು. ಒಂದು ವಿಎಂ ಮುಗಿಸಿ, ಒಂದು ದಿನ ನೋಡಿ, ಆಮೇಲೆ ಮುಂದಿನದು.

2008 ಆರ್2 ಮುಟ್ಟಬೇಡಿ. ಹೊಸ ಐಎಸ್‌ಒದ ಡ್ರೈವರ್ ಅದಕ್ಕೆ ಆಗುವುದಿಲ್ಲ, ಅದು ನಿಧಾನ ಇದ್ದರೂ ಯಾರಿಗೂ ತೊಂದರೆ ಇಲ್ಲ ಅಲ್ವಾ. ಆದರೆ ಅದರ ಸಪೋರ್ಟ್ ಜನವರಿ 2020ಕ್ಕೇ ಮುಗಿದಿದೆ. ಇಂಟರ್‌ನೆಟ್ ಕೊಡಬೇಡಿ, ಬೇಕಾದ ಎರಡು ಪಿಸಿಗೆ ಮಾತ್ರ ಕಾಣುವ ಹಾಗೆ ಫೈರ್‌ವಾಲ್ ಹಾಕಿ.

ಅಜ್ಜರಕಾಡು (ಜುಲೈ 13, ಬೆಳಿಗ್ಗೆ 8.45)

ಕೇಳಿದ ಪ್ರಶ್ನೆ ಅಲ್ಲ, ಆದರೂ ಹೇಳುತ್ತೇನೆ, ದುಡ್ಡು ಉಳಿಸಲು ಹೊರಟವರು ಇಲ್ಲೇ ಕಳೆದುಕೊಳ್ಳುವುದು. ವಿಂಡೋಸ್ ಲೈಸೆನ್ಸ್ ನೋಡಿದ್ದೀರಾ? ಹಳೆಯ ಸರ್ವರ್ ಜೊತೆ ಬಂದ ಓಇಎಂ ಲೈಸೆನ್ಸ್ ಆ ಡಬ್ಬದ್ದೇ, ವಿಎಂ ಮಾಡಿದರೆ ಜೊತೆಗೆ ಬರುವುದಿಲ್ಲ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನಲ್ಲಿ ಹೋಸ್ಟ್‌ನ ಎಲ್ಲಾ ಕೋರ್‌ಗೆ ಒಂದು ಸಲ ಕಟ್ಟಿದರೆ ಎರಡು ವಿಂಡೋಸ್ ವಿಎಂ, ಇನ್ನೆರಡು ಬೇಕಿದ್ದರೆ ಎಲ್ಲಾ ಕೋರ್‌ಗೆ ಮತ್ತೊಮ್ಮೆ. ಐದು ವಿಎಂಗೆ ಮೂರು ಸಲ. ನಿಮ್ಮದು 32 ಕೋರ್, ಅಂದರೆ 96 ಕೋರ್ ಲೈಸೆನ್ಸ್. 16 ಕೋರ್‌ನ ಒಂದೇ ಪ್ರೊಸೆಸರ್ ಆಗಿದ್ದರೆ 48ಕ್ಕೆ ಮುಗಿಯುತ್ತಿತ್ತು. ಸಿಪಿಯು 11% ಓಡುವ ಕಡೆ ಎರಡನೇ ಪ್ರೊಸೆಸರ್ ಸುಮ್ನೆ ಕೂತು ಲೈಸೆನ್ಸ್ ತಿನ್ನುತ್ತಿದೆ. ಅದನ್ನು ಬಿಚ್ಚಿ ಇಡಿ. ಆದರೆ ಬಿಚ್ಚುವ ಮೊದಲು ಮ್ಯಾನುಯಲ್ ನೋಡಿ, ಅರ್ಧ ರ‍್ಯಾಮ್ ಸ್ಲಾಟ್ ಮತ್ತು ಕೆಲವು ಪಿಸಿಐ ಸ್ಲಾಟ್ ಅದರ ಜೊತೆಗೇ ಹೋಗುತ್ತವೆ. ಹಾಜರಿ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಓಡುತ್ತದಾ ಅಂತಲೂ ಕೇಳಿ, ಓಡಿದರೆ ನಾಲ್ಕೇ ವಿಂಡೋಸ್.

ಸುರತ್ಕಲ್_ಹುಡುಗ (ಜುಲೈ 13, ಬೆಳಿಗ್ಗೆ 9.10)

ನಮ್ಮ ಹಳೆಯ ಕಂಪನಿ ವಿಎಂವೇರ್‌ನಲ್ಲಿತ್ತು (ಪ್ರಾಕ್ಸ್‌ಮಾಕ್ಸ್ ಥರದ್ದೇ ಸಾಫ್ಟ್‌ವೇರ್). 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೈಗೆ ಹೋಗಿ, ಒಮ್ಮೆ ಕೊಂಡರೆ ಆಯ್ತು ಅನ್ನುವ ಲೈಸೆನ್ಸ್ ನಿಂತ ಮೇಲೆ ಎಲ್ಲರೂ ಪ್ರಾಕ್ಸ್‌ಮಾಕ್ಸ್ ಕಡೆಗೇ ನೋಡುತ್ತಿದ್ದಾರೆ. ಸಿಂಕ್ ವಿಷಯ ಕಲಿತೆ, ಮನೆಯದ್ದೂ ವಾಪಸ್ ಆನ್ ಮಾಡಿದೆ 🙏

ಗೇರುಬೀಜ_ಐಟಿ (ಆಗಸ್ಟ್ 4, ಸಂಜೆ 6.20)

ಅಪ್‌ಡೇಟ್ ಕೊಡದೆ ಓಡಿಹೋಗುವವನು ಅಲ್ಲ ನಾನು, ಮಳೆಗೆ ಫ್ಯಾಕ್ಟರಿ ಲಿಂಕ್ ಕೆಟ್ಟು ಪುರುಸೊತ್ತು ಇರಲಿಲ್ಲ.

ನಾಲ್ಕು ವಿಎಂ ವರ್ಟ್‌ಐಒಗೆ ಬಂದವು. ಕ್ಯಾಶ್ 16 ಜಿಬಿಗೆ ಕಟ್ಟಿದೆ. ಉಳಿದ ಕರೆಂಟ್ ದುಡ್ಡಿನ ಲೆಕ್ಕ ಹಾಕಿ (640 ವ್ಯಾಟ್ ಅಂದರೆ ತಿಂಗಳಿಗೆ ಸುಮಾರು 460 ಯೂನಿಟ್) ಧಣಿಗಳ ಮುಂದೆ ಇಟ್ಟು, ಕರೆಂಟ್ ಹೋದರೂ ಕೈಯಲ್ಲಿದ್ದದ್ದು ಬರೆದು ಮುಗಿಸುವ ಕೆಪಾಸಿಟರ್ ಇರುವ ಸರ್ವರ್ ಎಸ್‌ಎಸ್‌ಡಿ ಎರಡು ತರಿಸಿದೆ. ಅಕೌಂಟ್ಸ್ ಮತ್ತು ಸ್ಟಾಕ್ ಅದರ ಮೇಲೆ. ಸಂಜೆ ಡಿಸ್ಪ್ಯಾಚ್ ಹೊತ್ತಿಗೆ ಐಒ ಡಿಲೇ 2% ದಾಟುವುದಿಲ್ಲ. ಹಳೆಯ ಸರ್ವರ್‌ಗಳಲ್ಲಿ ಚೆನ್ನಾಗಿದ್ದ ಒಂದನ್ನು ಗುಜರಿಗೆ ಹಾಕದೆ ಅದಕ್ಕೂ ಪ್ರಾಕ್ಸ್‌ಮಾಕ್ಸ್ ಹಾಕಿ, ನ್ಯಾಸ್‌ನಿಂದ ಅಕೌಂಟ್ಸ್ ವಿಎಂ ಅದರ ಮೇಲೆ ರೀಸ್ಟೋರ್ ಮಾಡಿ ನೋಡಿದೆ. 50 ನಿಮಿಷ ಹಿಡಿಯಿತು, ಎದ್ದಿತು. ನೆಟ್‌ವರ್ಕ್ ಕೇಬಲ್ ತೆಗೆದೇ ಮಾಡಿದೆ, ಇಲ್ಲದಿದ್ದರೆ ಒಂದೇ ಐಪಿಯಲ್ಲಿ ಎರಡು ಅಕೌಂಟ್ಸ್ ಸರ್ವರ್ ಆಗುತ್ತಿತ್ತು. ಲೈಸೆನ್ಸ್ ವಿಷಯ ಧಣಿಗಳಿಗೆ ಇನ್ನೂ ಹೇಳಿಲ್ಲ, ಒಳ್ಳೆಯ ದಿನ ನೋಡುತ್ತಿದ್ದೇನೆ.

ಆ ಗಡಿಯಾರದ ಬಾಲ ಮಾತ್ರ ಇನ್ನೂ ಬಿಟ್ಟಿಲ್ಲ. ಹಾಜರಿ ಮಿಷಿನ್‌ಗೆ ಟೈಮ್ ಕೊಡುವುದು ವಿಎಂ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಕರೆಂಟ್ ಹೋಗಿ ಬಂದಿತ್ತು. ಈಗ ಸಂಬಳದ ಲೆಕ್ಕ ಮಾಡುವವರು ಫೋನ್ ಮಾಡಿ ಕೇಳುತ್ತಿದ್ದಾರೆ, ಆ ದಿನ 43 ಜನ ನಸುಕಿನ 3.15ಕ್ಕೆ ಕೆಲಸಕ್ಕೆ ಬಂದದ್ದು ಯಾಕೆ, ಐದೂವರೆ ಗಂಟೆ ಓಟಿ ಕೊಡಬೇಕಾ ಅಂತ.