ಸಣ್ಣ ಕಾರಿನ ಮೇಲೆ ಎರಡು ಕಯಾಕ್: ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬಹುದು?

ಪ್ರಶ್ನೆ
ನಮ್ಮಲ್ಲಿ ಪಾಲಿಎಥಿಲೀನ್‌ನ ಎರಡು ಕಯಾಕ್‌ಗಳಿವೆ. ಹುಟ್ಟು ಹಾಕಿ ನಡೆಸುವ ಕಿರುದೋಣಿಗಳು, ಒಂದೊಂದೂ ಮೂರು ಮೀಟರ್ ಉದ್ದ, 70 ಸೆಂ.ಮೀ. ಅಗಲ, 22 ಕಿಲೋ ತೂಕ. ಕಾರು ಸಣ್ಣ ಹ್ಯಾಚ್‌ಬ್ಯಾಕ್. ಚಾವಣಿ ಬೋಳಾಗಿದೆ, ಉದ್ದಕ್ಕಿರುವ ರೇಲೂ ಇಲ್ಲ, ಸಾಮಾನು ಕಟ್ಟಲು ಅಡ್ಡಕ್ಕೆ ಹಾಕುವ ಸರಳು, ಅಂದರೆ ಅಡ್ಡಪಟ್ಟಿಯೂ ಇಲ್ಲ. ಚಾವಣಿಯ ಮೇಲೆ ನೇರವಾಗಿ ಇಡುವ ಫೋಮ್ ದಿಂಬುಗಳು ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತಿವೆ. ಅವು ಸಾಕೇ, ಅಥವಾ ಅಡ್ಡಪಟ್ಟಿ ಹಾಕಿಸಿ, ಕಯಾಕನ್ನು ಓರೆಯಾಗಿ ಹಿಡಿದಿಡುವ ಜೆ ಆಕಾರದ ಕ್ರೇಡಲ್‌ಗಳನ್ನೇ ಕೊಳ್ಳಬೇಕೇ?

ಮೊದಲ ಉತ್ತರ
ಫೋಮ್ ದಿಂಬು ಒಂದು ಕಯಾಕಿಗೆ, ಹತ್ತಿರದ ದಾರಿಗೆ ಸಾಕು. ಎರಡನ್ನು ಮಗುಚಿ ಪಕ್ಕಪಕ್ಕ ಇಟ್ಟರೆ 140 ಸೆಂ.ಮೀ. ಆಗುತ್ತದೆ, ಸಣ್ಣ ಕಾರಿನ ಚಾವಣಿ ಅಷ್ಟು ಅಗಲವಿರುವುದಿಲ್ಲ. ಅಲ್ಲದೆ ಅಡ್ಡಪಟ್ಟಿ ಇಲ್ಲದಿದ್ದರೆ ಕಯಾಕ್ ಕಟ್ಟುವ ಪಟ್ಟಿಗಳನ್ನು ಬಾಗಿಲುಗಳನ್ನು ತೆರೆದು ಕಾರಿನೊಳಗಿಂದಲೇ ಹಾಯಿಸಬೇಕು. ಒಮ್ಮೆ ಮಳೆಯಲ್ಲಿ ಹಾಗೆ ಹೋದಾಗ ನೀರು ಪಟ್ಟಿಯ ನೂಲನ್ನೇ ಹಿಡಿದು ಒಳಗೆ ಇಳಿದು, ಇಡೀ ದಾರಿ ನನ್ನ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಕ್ರೇಡಲ್‌ನ ಮಾತಿಗೆ ಬರುವ ಮೊದಲು, ಚಾವಣಿ ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ ಹೇಳಿ. ಆ ಮಿತಿ ಕಯಾಕ್‌ಗಳಿಗೆ ಮಾತ್ರವಲ್ಲ, ಅಡ್ಡಪಟ್ಟಿ ಮತ್ತು ಕ್ರೇಡಲ್‌ಗಳ ತೂಕವೂ ಅದರೊಳಗೇ ಬರಬೇಕು.

ಪ್ರಶ್ನೆ ಕೇಳಿದವರು
ಕೈಪಿಡಿಯಲ್ಲಿ 55 ಕಿಲೋ ಎಂದಿದೆ.

ಎರಡನೆಯ ಉತ್ತರ
ಹಾಗಿದ್ದರೆ ಆ ಅಂಕಿಯೇ ನಿಮ್ಮ ಪ್ರಶ್ನೆಯನ್ನು ಬಗೆಹರಿಸುತ್ತದೆ. ಕಯಾಕ್‌ಗಳು 44 ಕಿಲೋ, ಅಡ್ಡಪಟ್ಟಿಗಳು ಸುಮಾರು 6 ಕಿಲೋ ಎಂದುಕೊಳ್ಳಿ, ಅಲ್ಲಿಗೇ 50 ಆಯಿತು. ಒಂದು ಜೊತೆ ಜೆ ಕ್ರೇಡಲ್ ಸುಮಾರು 4 ಕಿಲೋ ತೂಗುತ್ತದೆ. ಎರಡು ಕಯಾಕಿಗೆ ಎರಡು ಜೊತೆ ಬೇಕಾದ್ದರಿಂದ ಒಟ್ಟು ಮಿತಿಯನ್ನು ದಾಟುತ್ತದೆ. ಅದರ ಬದಲು ಅಡ್ಡಪಟ್ಟಿಗಳ ಮಧ್ಯಭಾಗದಲ್ಲಿ ನೆಟ್ಟಗೆ ನಿಲ್ಲುವ ಸ್ಟ್ಯಾಕರ್ ಕಂಬಗಳನ್ನು ಹಾಕಿಸಿ. ಎರಡೂ ಕಯಾಕ್‌ಗಳು ಅಂಚಿನ ಮೇಲೆ ನಿಂತು, ಬೆನ್ನಿಗೆ ಬೆನ್ನು ಕೊಟ್ಟಂತೆ ಕಂಬಗಳಿಗೆ ಒರಗುತ್ತವೆ. ಬೆಲೆಯೂ ಕಡಿಮೆ, ಭಾರವೂ ಕಡಿಮೆ. ಪ್ಲಾಸ್ಟಿಕ್ ಒಡಲು ತಳಕ್ಕಿಂತ ಅಂಚಿನಲ್ಲಿ ಗಟ್ಟಿಯಾಗಿರುವುದರಿಂದ ಬಿಸಿಲಿನಲ್ಲಿ ತಗ್ಗು ಬೀಳುವ ಭಯವೂ ಅಷ್ಟಿಲ್ಲ. ಖರೀದಿಸುವ ಮುನ್ನ ತೂಕವನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ, ನಿಮಗೆ ಉಳಿದಿರುವುದು 5 ಕಿಲೋ ಮಾತ್ರ.

ಅಡ್ಡಪಟ್ಟಿಯಲ್ಲಿ ಮಾತ್ರ ಜಿಪುಣತನ ಬೇಡ. ನಿಮ್ಮ ಕಾರಿನ ಮಾದರಿಗೆ ಹೊಂದುವ ಕಾಲುಗಳಿರುವುದನ್ನೇ ಕೊಳ್ಳಿ, ಎರಡು ಅಡ್ಡಪಟ್ಟಿಗಳ ನಡುವಿನ ಅಂತರ ತಯಾರಕರು ಹೇಳಿದ ಮಿತಿಯೊಳಗೆ ಆದಷ್ಟು ಹೆಚ್ಚಿರಲಿ. ಮೆತ್ತೆಗೆ ಈಜುಕೊಳದಲ್ಲಿ ಮಕ್ಕಳು ಹಿಡಿಯುವ ಫೋಮ್ ಕೊಳವೆಯನ್ನು ಸೀಳಿ ಅಡ್ಡಪಟ್ಟಿಗೆ ತೊಡಿಸಿದರೂ ನಡೆಯುತ್ತದೆ.

ಮೂರನೆಯ ಉತ್ತರ
ಕಟ್ಟಲು ಎಂಥ ಪಟ್ಟಿ ಬೇಕೆಂದು ಯಾರೂ ಹೇಳಲಿಲ್ಲ. ಸರಕು ಲಾರಿಗಳಲ್ಲಿ ಬಳಸುವ ರ‍್ಯಾಚೆಟ್ ಪಟ್ಟಿ ಬೇಡ. ಅದರ ಹಿಡಿ ಎಳೆದಷ್ಟೂ ಬಿಗಿಯಾಗಿ ಕಯಾಕಿನ ಒಡಲನ್ನೇ ಒಳಕ್ಕೆ ಒತ್ತಿಬಿಡುತ್ತದೆ. ಕೈಯಿಂದ ಎಳೆದು ಬಿಗಿಯುವ ಕ್ಯಾಮ್ ಬಕಲ್ ಪಟ್ಟಿ ತನ್ನಿ. ಪಟ್ಟಿಗೆ ಒಂದೆರಡು ತಿರುವು ಕೊಟ್ಟರೆ ಗಾಳಿಗೆ ಅದು ಗುಂಯ್‌ಗುಡುವುದಿಲ್ಲ. ಮೂತಿಯಿಂದ ಕಾರಿನ ಮುಂಭಾಗಕ್ಕೆ ಒಂದು ಹಗ್ಗ ಇರಲೇಬೇಕು. ಕೊಕ್ಕೆಗೆ ಜಾಗವಿಲ್ಲದಿದ್ದರೆ ಬಾನೆಟ್‌ನ ಒಳಗಿನ ಬೋಲ್ಟ್‌ಗೆ ಬಟ್ಟೆಯ ಕುಣಿಕೆ ಸಿಕ್ಕಿಸಿಕೊಂಡು, ಬೇಕಾದಾಗ ಹೊರಗೆಳೆಯಬಹುದು. ಹೊರಟು ನಾಲ್ಕೈದು ಕಿಲೋಮೀಟರ್ ಆದಮೇಲೆ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಎಳೆದು ನೋಡಿ. ನನ್ನ ಪಟ್ಟಿಗಳು ಮೊದಲ ನಿಲುಗಡೆಯಲ್ಲಿ ಸಡಿಲವಾಗಿರದ ದಿನವೇ ಕಡಿಮೆ.

ಒಬ್ಬರೇ ಏರಿಸಬೇಕಾದಾಗ ಕಾರಿನ ಹಿಂಬದಿಯ ಅಂಚಿಗೆ ಹಳೆಯ ರಬ್ಬರ್ ಚಾಪೆ ಹಾಸಿ, ಮೂತಿಯನ್ನು ಅದರ ಮೇಲಿಟ್ಟು, ಬಾಲವನ್ನು ಎತ್ತಿ ಮುಂದಕ್ಕೆ ತಳ್ಳಿ. ಹೀಗೆ ಮಾಡಿದರೆ ಒಂದು ಸಲಕ್ಕೆ ನಿಮ್ಮ ಕೈಗೆ ಬರುವುದು ಸುಮಾರು ಅರ್ಧ ಭಾರ ಮಾತ್ರ.