ಸಹಾಯ ಬೇಕು: ತುಕ್ಕು ಹಿಡಿದ ಫ್ಲೋರಿನ ಮೇಲೆ ರೋಲ್ ಕೇಜ್ ಕೂರಿಸಬಹುದೇ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆಯುವ ರ್‍ಯಾಲಿಯಲ್ಲಿ ಹೊಸಬನಾಗಿ ಭಾಗವಹಿಸಬೇಕೆಂಬ ಬಹುದಿನದ ಆಸೆಯಿಂದ, ಇಷ್ಟು ವರ್ಷ ಮನೆಬಳಕೆಗೆ ಓಡಿಸುತ್ತಿದ್ದ 2004ರ ಮಾರುತಿ ಎಸ್ಟೀಮ್ ಕಾರನ್ನು ಸಿದ್ಧಪಡಿಸುತ್ತಿದ್ದೇನೆ. ಸಂಪ್ ಗಾರ್ಡ್ (ಎಂಜಿನ್ನಿನ ಅಡಿಭಾಗ ಕಾಯುವ ತಟ್ಟೆ), ಶಾಕ್ ಅಬ್ಸಾರ್ಬರ್‌ಗಳ ಕೆಲಸ ಮುಗಿದಿದೆ. ಇನ್ನು ರೋಲ್ ಕೇಜ್, ಅಂದರೆ ಕಾರು ಮಗುಚಿದರೂ ಒಳಗಿರುವವರನ್ನು ಕಾಪಾಡುವ ಉಕ್ಕಿನ ಪೈಪಿನ ಚೌಕಟ್ಟು. ಅದರ ಮುಖ್ಯ ಹೂಪಿಗೆ (ಸೀಟುಗಳ ಹಿಂದೆ ನಿಲ್ಲುವ ಕಮಾನಿಗೆ) ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮದಂತೆ 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ (ಉದ್ದಕ್ಕೂ ಬೆಸುಗೆಯ ಜೋಡಣೆಯಿಲ್ಲದ) ಪೈಪನ್ನೇ ತಂದಿದ್ದೇನೆ.

ಆದರೆ ಮ್ಯಾಟ್ ಎತ್ತಿದಾಗ, ಹೂಪಿನ ಎಡಗಾಲು ಕೂರಬೇಕಾದ ಜಾಗದಲ್ಲೇ, ಫ್ಲೋರ್ ಮತ್ತು ಬಾಗಿಲ ಕೆಳಗಿನ ಪಟ್ಟಿ ಸೇರುವ ಮೂಲೆಯಲ್ಲಿ, ಅಂಗೈಯಗಲ ತುಕ್ಕು ಕಂಡಿತು. ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಹಚ್ಚಿ ನೋಡಿದೆ. ಆದರೂ ಸ್ಕ್ರೂಡ್ರೈವರ್ ಒತ್ತಿದರೆ ಮೊನೆ ಒಳಕ್ಕೇ ಇಳಿಯುತ್ತದೆ. ತುಕ್ಕಿನ ಮೇಲೆಯೇ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟ್ ಇಟ್ಟು ವೆಲ್ಡ್ ಮಾಡಿದರೆ ಸಾಕೆಂದು ವೆಲ್ಡರ್ ಹೇಳುತ್ತಾರೆ. ನಿಯಮದ ಅಳತೆಗೆ ಅದು ಸರಿಹೋಗುತ್ತದೆ ನಿಜ, ಆದರೆ ಕಾರು ಮಗುಚಿದಾಗ ಆ ಪ್ಲೇಟು ಹಿಡಿದುಕೊಳ್ಳುವ ತಗಡೇ ಹರಿದುಹೋದರೆ ನನ್ನ ಮತ್ತು ಪಕ್ಕದಲ್ಲಿ ಕೂರುವ ನ್ಯಾವಿಗೇಟರ್ ಜೀವಕ್ಕೆ ಯಾರು ಹೊಣೆ? ಟಿಂಕರಿಂಗ್ ಮಾಡುವವರು ಆ ಭಾಗವನ್ನೇ ಕತ್ತರಿಸಿ ಹೊಸ ತಗಡು ಹಾಕೋಣ ಎನ್ನುತ್ತಾರೆ.

ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ: ತುಕ್ಕಿನ ಭಾಗವನ್ನು ಎಲ್ಲಿಯವರೆಗೆ ಕತ್ತರಿಸಬೇಕು, ಮತ್ತು ಹೊಸ ತಗಡಿನ ಮೇಲೆ ಕೂರಿಸಿದ ಕೇಜನ್ನು ರ್‍ಯಾಲಿಯ ತಪಾಸಣೆಯಲ್ಲಿ ಒಪ್ಪುತ್ತಾರೆಯೇ?